ಕಂಬಳಿ ಹೊದ್ದ ಎಕ್ಸ್

ತಂಗಿ ಗರ್ಭಕೋಶ ತೆಗೆಸಿಕೊಳ್ಳಲು ನಿರ್ಧರಿಸಿದ ಸುದ್ದಿ ಬಂದಾಗ ನಾನು ಉಪ್ಪಿನಕಾಯಿಗೆಂದು ತೊಳೆದ ನಿಂಬೆಹಣ್ಣುಗಳನ್ನು ಒರೆಸಿ ಮೊರದ ಮೇಲೆ ಹರಡುತ್ತಿದ್ದೆ. ಜಗಳೂರಿನಿಂದ ಅವಳೇ ಫೋನ್ ಮಾಡಿದ್ದಳು. ಗಿರಣಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬರುತ್ತೇನೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು.

“ಮುಂದಿನ ವಾರ ತೆಗೆಸಿಬಿಡ್ತೀನಿ ಅಕ್ಕ. ಸಾಕಾಗೈತೆ. ಮಕ್ಕಳಾದವು. ಇನ್ನು ಅದನ್ನ ಇಟ್ಕಂಡು ಪೂಜೆ ಮಾಡ್ಲೇನು?”

“ಡಾಕ್ಟ್ರು ಏನಂದ್ರು?”

“ಸ್ಕ್ಯಾನಿಂಗ್‌ನಾಗೆ ಗಡ್ಡೆ ಗಿಡ್ಡೆ ಏನೂ ಇಲ್ಲ, ಇನ್ನೊಂದಿಷ್ಟು ದಿನ ಗುಳಿಗೆ ನೋಡಾನ ಅಂದ್ರು. ನಾನೇ ಬ್ಯಾಡ ಅಂದೆ. ನಮ್ಮ ಓಣಿಯಾಗೆ ಮೂರು ಮಂದಿ ತೆಗೆಸಿದಾರೆ, ಎಲ್ಲಾ ಗುಂಡುಕಲ್ಲು ಇದ್ದಂಗದಾರೆ.”

ಅವಳಿಗಿನ್ನೂ ನಲವತ್ತು ತುಂಬಿಲ್ಲ. ಮೈನೆರೆದ ದಿನದಿಂದ ಅವಳ ತಿಂಗಳ ಸ್ರಾವ ನಮ್ಮೆಲ್ಲರದಕ್ಕಿಂತ ಬೇರೆಯೇ. ನಮಗೆ ಮೂರನೇ ದಿನಕ್ಕೆ ಮುಗಿದರೆ ಅವಳಿಗೆ ವಾರ ಕಳೆದರೂ ನಿಲ್ಲದು. ಮುಖ ಬಿಳಿಚಿಕೊಂಡು, ಕೊಡ ಎತ್ತಿದರೆ ತಲೆಸುತ್ತು. ಕಬ್ಬಿಣಾಂಶದ ಗುಳಿಗೆಯ ಖಾಲಿ ಹಾಳೆಗಳು ಅವಳ ಅಡುಗೆಮನೆಯ ಕಿಟಕಿಯಲ್ಲಿ ಯಾವಾಗಲೂ ಬಿದ್ದಿರುತ್ತವೆ. ಹಾಗಾಗಿ ತೆಗೆಸುತ್ತೇನೆಂದಾಗ ನನಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಆಪರೇಷನ್ ಆದಮೇಲೆ ಹದಿನೈದು ದಿನ ಅವಳ ಜೊತೆ ಇರಬೇಕಾಗುತ್ತದೆ ಎಂದು ಲೆಕ್ಕ ಹಾಕಿ, ಚಟ್ನಿಪುಡಿಗೆ ಶೇಂಗಾ ಹುರಿಯಲು ಎದ್ದೆ.

ಅದೇ ಶನಿವಾರ ನನ್ನ ಓರಗಿತ್ತಿ ಹೊನ್ನಾಳಿಯಿಂದ ಬಂದಳು. ನನ್ನ ಮೈದುನನ ಹೆಂಡತಿ, ಅಲ್ಲಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಪಾಠ ಮಾಡುತ್ತಾಳೆ. ನಾನು ಜಗಳೂರಿಗೆ ಹೋದರೆ ಚನ್ನಗಿರಿಯ ನಮ್ಮ ಮನೆಯಲ್ಲಿ ಅತ್ತೆಯ ಊಟ ತಿಂಡಿ ಯಾರು ನೋಡುವುದು ಎಂಬುದನ್ನು ಮಾತಾಡಿಕೊಳ್ಳಲು ಬಂದದ್ದು. ಹಿತ್ತಿಲ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸಲು ಕೈ ಹಾಕಿದವಳು, ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದ ಬೆಕ್ಕನ್ನು ನೋಡಿದಳು. ಹಿಂದಿನ ತಿಂಗಳು ತಾನಾಗಿಯೇ ಬಂದು ಸೇರಿಕೊಂಡ ಬೆಕ್ಕು ಅದು. ಒಂದು ಕಡೆ ಕೆಂಚು, ಒಂದು ಕಡೆ ಕಪ್ಪು, ಹೊಟ್ಟೆ ಬಿಳಿ.

“ಹೆಣ್ಣು ಬೆಕ್ಕು ಸಾಕೀರಲ್ಲಕ್ಕಾ. ಇನ್ನು ಮರಿಗಳನ್ನ ಹಂಚಾಕೆ ಊರೆಲ್ಲ ತಿರುಗ್ರಿ.”

“ಬಂದ ತಕ್ಷಣ ಬಾಲ ಎತ್ತಿ ನೋಡಿದ್ಯೇನೇ?”

“ಬಾಲ ಯಾಕೆ? ಬಣ್ಣ ನೋಡಿದ್ರೆ ಸಾಕು. ಕೆಂಪು, ಕಪ್ಪು ಎರಡೂ ಇದ್ರೆ ಹೆಚ್ಚುಕಮ್ಮಿ ಎಲ್ಲವೂ ಹೆಣ್ಣೇ.”

ನಾನು ನಂಬಲಿಲ್ಲ. ಎದ್ದು ಹೋಗಿ ನೋಡಿದೆ. ಹೆಣ್ಣೇ ಆಗಿತ್ತು. ಬೆಕ್ಕು ನನ್ನ ಮೇಲೆ ಮುನಿಸಿಕೊಂಡು ಕಲ್ಲಿನಿಂದಿಳಿದು ಹೋಯಿತು. ಓರಗಿತ್ತಿ ನಕ್ಕಳು. ನನಗೆ ಮಾತ್ರ ಅದು ಹೇಗೆ ಎಂದು ತಿಳಿಯುವವರೆಗೆ ಸಮಾಧಾನವಿಲ್ಲ. ಹತ್ತನೇ ತರಗತಿಗೇ ಓದು ನಿಂತವಳು ನಾನು, ಆದರೆ ಯಾಕೆ, ಹೆಂಗೆ ಎಂದು ಕೇಳುವ ಚಾಳಿ ನಿಂತಿಲ್ಲ.

ಅವಳು ಹೇಳಿದಳು. ಬೆಕ್ಕಿನ ಕೂದಲು ಕೆಂಪೋ ಕಪ್ಪೋ ಎಂದು ನಿರ್ಧರಿಸುವ ವಂಶವಾಹಿ ಎಕ್ಸ್ ಎಂಬ ಕ್ರೋಮೋಸೋಮಿನ ಮೇಲಿದೆ. ಗಂಡಿಗೆ ಒಂದೇ ಎಕ್ಸ್, ಆದ್ದರಿಂದ ಒಂದೇ ಬಣ್ಣ. ಹೆಣ್ಣಿಗೆ ತಾಯಿಯದೊಂದು, ತಂದೆಯದೊಂದು, ಎರಡು ಎಕ್ಸ್. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಕಪ್ಪು ಇರಬಹುದು.

“ಹಂಗಾದ್ರೆ ಎರಡೂ ಬೆರೀಬೇಕಲ್ವೇನೇ? ಸಾರಿಗೆ ಹುಣಿಸೆಹಣ್ಣು, ಬೆಲ್ಲ ಎರಡೂ ಹಾಕ್ತೀನಿ. ಒಂದು ತುತ್ತು ಬರೀ ಹುಳಿ, ಇನ್ನೊಂದು ಬರೀ ಸಿಹಿ ಬರಲ್ಲ. ಇದರ ಮೈ ಮೇಲೆ ಯಾಕೆ ತೇಪೆ ತೇಪೆ ಐತೆ?”

ಅವಳು ಬೆಳ್ಳುಳ್ಳಿಯನ್ನು ಬಿಟ್ಟು ನನ್ನ ಮುಖ ನೋಡಿದಳು. “ನಮ್ಮ ಹುಡುಗ್ರು ಒಬ್ರೂ ಇದನ್ನ ಕೇಳಲ್ಲ ಅಕ್ಕಾ. ಪರೀಕ್ಷೆಗೆ ಬರ್ತದಾ ಇಲ್ವಾ, ಅಷ್ಟೇ ಕೇಳೋದು.”

ಬೆರೆಯದಿರಲು ಕಾರಣವಿದೆಯಂತೆ. ಹೆಣ್ಣಿನ ಒಂದೊಂದು ಜೀವಕೋಶದಲ್ಲಿಯೂ ಎರಡು ಎಕ್ಸ್ ಇದ್ದರೂ ಕೆಲಸ ಮಾಡುವುದು ಒಂದೇ. ಇನ್ನೊಂದು ಹೆಚ್ಚುಕಡಿಮೆ ಪೂರ್ತಿ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಮುದುಡಿ ಕೂತಿರುತ್ತದೆ. ಯಾವ ಕೋಶದಲ್ಲಿ ಕಪ್ಪಿನ ಎಕ್ಸ್ ಮುದುಡಿತೋ ಅಲ್ಲಿ ಕೆಂಪು ಕೂದಲು, ಕೆಂಪಿನದು ಮುದುಡಿದಲ್ಲಿ ಕಪ್ಪು.

“ಬಿಳಿ?”

“ಅದು ಬೇರೆ ಕತೆ. ಅಲ್ಲಿಗೆ ಬಣ್ಣದ ಕೋಶಗಳು ತಲುಪೇ ಇಲ್ಲ.”

“ಸರಿ, ಬಾಯಿ ಮುಚ್ಚು ಅಂತ ಅದಕ್ಕೆ ಹೇಳೋರು ಯಾರು?”

“ಅದೇ ಮಜಾ. ಒಂದು ಆರ್‌ಎನ್‌ಎ.”

ಆರ್‌ಎನ್‌ಎ ಎನ್ನುವುದನ್ನು ಮಗಳಿಂದ ಪಾಠ ಒಪ್ಪಿಸಿಕೊಳ್ಳುವಾಗ ಕೇಳಿದ್ದೆ. ಡಿಎನ್‌ಎ ಅಡುಗೆಯ ದೊಡ್ಡ ಪುಸ್ತಕ, ಅದರಿಂದ ಒಂದು ಅಡುಗೆಯನ್ನಷ್ಟೇ ನಕಲು ಮಾಡಿಕೊಂಡ ಚೀಟಿ ಆರ್‌ಎನ್‌ಎ, ಚೀಟಿ ನೋಡಿಕೊಂಡು ಕೋಶ ಪ್ರೋಟೀನು ಬೇಯಿಸುತ್ತದೆ ಎಂದು ನನ್ನ ತಿಳಿವಳಿಕೆ. ಅದನ್ನೇ ಹೇಳಿದೆ.

“ಎಲ್ಲಾ ಚೀಟಿ ಅಡುಗೇಗಲ್ಲ ಅಕ್ಕಾ. ಏನೂ ಬೇಯಿಸದ ಚೀಟಿಗಳು ರಾಶಿ ಅದಾವೆ. ಮೊದಲೆಲ್ಲ ಕಸ ಅಂದ್ಕೊಂಡಿದ್ರು. ನೋಡಿದ್ರೆ ಯಜಮಾನಿಕೆ ಮಾಡೋವೇ ಅವು. ಪುಟ್ಟಪುಟ್ಟವು ಕೆಲವು ಅದಾವೆ, ಅಡುಗೆ ಚೀಟಿಗೇ ಹೋಗಿ ಅಂಟಿಕೊಂಡು, ಇದನ್ನ ಇವತ್ತು ಬೇಯಿಸಬ್ಯಾಡ ಅಂತ ತಡೀತಾವೆ, ಇಲ್ಲಾಂದ್ರೆ ಹರಿದೇ ಹಾಕಿಸ್ತಾವೆ. ಉದ್ದಾನವು ಕೆಲವು ಪುಸ್ತಕದ ಪುಟಕ್ಕೇ ಹೋಗಿ ಕೂತು, ಇದನ್ನ ತೆರೀಬ್ಯಾಡ್ರಿ ಅಂತಾವೆ. ಅದಕ್ಕೇ ಒಂದೇ ಪುಸ್ತಕ ಇಟ್ಕಂಡು ಕಣ್ಣು ಕಣ್ಣಾಗೈತೆ, ಲಿವರ್ ಲಿವರ್ ಆಗೈತೆ. ಎಲ್ಲಾ ಅವುಗಳಿಂದಲೇ ಅಂತಲ್ಲ, ಅವುಗಳ ಕೈನೂ ಐತೆ. ಈ ಎಕ್ಸ್ ಮುಚ್ಚೋ ಆರ್‌ಎನ್‌ಎ ಉದ್ದಾನದು. ಎಕ್ಸಿಸ್ಟ್ ಅಂತ ಹೆಸರು.”

“ಕುಕ್ಕರ್ ಸೀಟಿ ಹೊಡೆದಂಗೈತಲ್ಲೇ ಹೆಸರು.”

ಆ ಎಕ್ಸಿಸ್ಟ್ ಹುಟ್ಟುವುದು ಯಾವ ಎಕ್ಸ್ ಮುಚ್ಚಬೇಕೋ ಅದೇ ಎಕ್ಸ್‌ನಿಂದಲಂತೆ. ಹುಟ್ಟಿ ದೂರ ಹೋಗದೆ, ತನ್ನನ್ನು ಹೆತ್ತ ಎಕ್ಸ್‌ನ ಮೈತುಂಬ ಹರಡಿಕೊಳ್ಳುತ್ತದಂತೆ. ಆಮೇಲೆ ಬೇರೆ ಪ್ರೋಟೀನುಗಳನ್ನು ಕರೆದು ಅದನ್ನು ಬಿಗಿಯಾಗಿ ಸುತ್ತಿಸಿ ಇಡುತ್ತದೆ. ಇದೆಲ್ಲ ನಡೆಯುವುದು ಮರಿ ಹೊಟ್ಟೆಯಲ್ಲಿ ಇನ್ನೂ ಸಣ್ಣ ಮುದ್ದೆಯಾಗಿರುವಾಗಲೇ. ಯಾವ ಕೋಶ ಯಾವುದನ್ನು ಮುಚ್ಚುತ್ತದೋ ಹೇಳಲು ಬಾರದು, ನಾಣ್ಯ ಚಿಮ್ಮಿದ ಹಾಗೆ. ಆದರೆ ಒಮ್ಮೆ ಮುಚ್ಚಿದರೆ ಆ ಕೋಶದಿಂದ ಒಡೆದ ಮಕ್ಕಳು ಮೊಮ್ಮಕ್ಕಳೆಲ್ಲ ಅದನ್ನೇ ಮುಚ್ಚಿಕೊಂಡಿರುತ್ತವೆ.

“ಮನುಷ್ಯರಾಗೆ?” ಎಂದೆ.

“ನಾವೂ ಹಂಗೇ. ನೀವು, ನಾನು, ಒಳಗೆ ಮಲಗಿರೋ ಅತ್ತೆ. ನಮ್ಮ ಮೈಬಣ್ಣ ಎಕ್ಸ್ ನೋಡ್ಕಂಡು ಬರಲ್ಲ, ಅದಕ್ಕೆ ತೇಪೆ ಕಾಣಲ್ಲ. ಇಲ್ಲಾಂದ್ರೆ ಅತ್ತೆ ಹೆಂಗೆ ಕಾಣ್ತಿದ್ರು, ನೆನಸ್ಕೊಳ್ರಿ.”

ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕೆವು. ಒಳಗಿನಿಂದ ಅತ್ತೆ, “ಏನ್ರೇ ಅದು ಕಿಸಿಕಿಸಿ?” ಎಂದರು. ನಗು ನಿಂತಮೇಲೆ ನನ್ನ ತಲೆಗೆ ಬಂದದ್ದು ನನ್ನ ತಮ್ಮ.

ನಾವು ಮೂವರು. ನಾನು ದೊಡ್ಡವಳು, ನಡುವೆ ತಮ್ಮ, ಕೊನೆಗೆ ಈ ತಂಗಿ. ತಮ್ಮ ನ್ಯಾಮತಿಯಲ್ಲಿ ಗಡಿಯಾರ, ಮೊಬೈಲು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಅವನಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ, ಹಿಮೋಫಿಲಿಯಾ. ಹೆಪ್ಪುಗಟ್ಟಿಸುವ ಒಂದು ಪ್ರೋಟೀನು ಅವನ ಮೈಯಲ್ಲಿ ತಯಾರಾಗುವುದೇ ಇಲ್ಲ. ಒಳಗೇ ರಕ್ತ ಸೋರಿ ಮೊಣಕಾಲು ಊದಿಕೊಂಡಾಗ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೋಗಿ ಫ್ಯಾಕ್ಟರ್ ಎಂಬ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾನೆ. ಆ ಕಾಯಿಲೆಯ ವಂಶವಾಹಿ ಇರುವುದೂ ಎಕ್ಸ್ ಮೇಲೆಯೇ ಎಂದು ನಮ್ಮವ್ವನಿಗೆ ಅಲ್ಲಿನ ಡಾಕ್ಟರು ಎಂದೋ ತಿಳಿಸಿ ಹೇಳಿದ್ದರು. ತಾಯಿಯಿಂದ ಗಂಡುಮಗನಿಗೆ ಬರುತ್ತದೆ, ಹೆಣ್ಣುಮಕ್ಕಳು ಹೊತ್ತು ಸಾಗಿಸುತ್ತಾರೆ ಅಷ್ಟೆ ಎಂದು.

ಅವ್ವ ಆ ಮಾತನ್ನು ಮನೆಯ ಕಾನೂನು ಮಾಡಿಬಿಟ್ಟಿದ್ದಳು. ಸುಗ್ಗಿಯಲ್ಲಿ ಅವ್ವ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದಳು, ನಮ್ಮನ್ನೂ ಕರೆದೊಯ್ಯುತ್ತಿದ್ದಳು. ಮಣೆಗೆ ನೆಟ್ಟ ಮೆಟ್ಟುಗತ್ತಿಯ ಮುಂದೆ ಕೂತು, ಹಸಿ ಅಡಿಕೆಯ ಸಿಪ್ಪೆ ಸೀಳಿ ಒಳಗಿನ ಕಾಯಿ ಬಿಡಿಸುವ ಕೆಲಸ. ತಮ್ಮನನ್ನು ಕತ್ತಿಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಅವನ ಕಿವಿ ಚುಚ್ಚಿಸಲಿಲ್ಲ, ಅವನ ಉಗುರನ್ನೂ ತಾನೇ ಕಲ್ಲಿಗೆ ಉಜ್ಜಿ ಸವೆಸುತ್ತಿದ್ದಳು. ಕತ್ತಿಯ ಮುಂದೆ ಕೂರುವವರು ನಾವಿಬ್ಬರು. ಅಲ್ಲಿ ಬೆರಳು ಕುಯ್ದುಕೊಳ್ಳದವರು ಯಾರಿದ್ದಾರೆ? ನಾನು ಕುಯ್ದುಕೊಂಡರೆ ಬಾಯಲ್ಲಿಟ್ಟು ಚೀಪಿ ಮತ್ತೆ ಸುಲಿಯುತ್ತಿದ್ದೆ. ತಂಗಿ ಕುಯ್ದುಕೊಂಡರೆ ಅವ್ವ ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಟ್ಟೆ ಅದ್ದಿ ಸುತ್ತುತ್ತಿದ್ದಳು. ಅದು ನೆನೆದರೆ ಇನ್ನೊಂದು, ಅದೂ ನೆನೆದರೆ ಮತ್ತೊಂದು. ಅಕ್ಕಪಕ್ಕದ ಹೆಂಗಸರು, “ಈ ಹುಡುಗಿ ರಕ್ತ ನೀರಾಗೈತೆ ನೋಡ್ರೇ” ಎಂದರೆ ಅವ್ವ, “ಹೆಣ್ಣುಮಕ್ಕಳಿಗೆ ಅದು ಬರಲ್ಲ, ಸುಮ್ನಿರ್ರೀ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಗಂಡುಮಗನನ್ನು ಕತ್ತಿಯಿಂದ ಕಾಯುವ ಭರದಲ್ಲಿ ಕತ್ತಿಯ ಮುಂದೆ ಕೂರಿಸಿದ ಮಗಳತ್ತ ನಾವು ಯಾರೂ ಆ ಕಣ್ಣಿನಿಂದ ನೋಡಲಿಲ್ಲ.

ಇದನ್ನೆಲ್ಲ ಓರಗಿತ್ತಿಗೆ ಹೇಳಿ ಕೇಳಿದೆ: “ನಮ್ಮವ್ವನ ಎರಡು ಎಕ್ಸ್‌ನಾಗೆ ಒಂದು ಕೆಟ್ಟದ್ದು. ಅದು ನನ್ನ ತಂಗಿಗೆ ಬಂದೈತೆ ಅಂತಿಟ್ಕೋ. ಅಪ್ಪಂದು ಒಳ್ಳೇದು ಇದ್ದೇ ಐತೆ. ಆದ್ರೆ ಆ ಎಕ್ಸಿಸ್ಟ್ ಅನ್ನೋದು ಬಹಳಷ್ಟು ಕೋಶದಾಗೆ ಒಳ್ಳೇದನ್ನೇ ಮುಚ್ಚಿಬಿಟ್ಟಿದ್ರೆ?”

ಅವಳ ನಗು ಹೋಯಿತು. ಬುಟ್ಟಿ ಪಕ್ಕಕ್ಕಿಟ್ಟಳು.

“ಹಂಗಾಗಾಕೆ ಸಾಧ್ಯ ಐತೆ ಅಕ್ಕಾ. ಸಾಮಾನ್ಯವಾಗಿ ಅರ್ಧಕ್ಕರ್ಧ ಇರ್ತದೆ, ನಡೀತದೆ. ಕೆಲವರಿಗೆ ಒಂದು ಕಡೆ ವಾಲಿಬಿಡ್ತದೆ. ಹೊತ್ತೋರು ಅನ್ನಿಸ್ಕೊಂಡ ಹೆಣ್ಣುಮಕ್ಕಳಿಗೂ ರಕ್ತ ನಿಲ್ಲದಂಗೆ ಆಗ್ತದೆ. ನಿಮ್ಮ ತಂಗಿಗೆ ಫ್ಯಾಕ್ಟರ್, ಅಂದ್ರೆ ಆ ಹೆಪ್ಪುಗಟ್ಸೋ ಪ್ರೋಟೀನು, ಎಷ್ಟೈತೆ ಅಂತ ಪರೀಕ್ಷೆ ಮಾಡ್ಸಿದಾರಾ?”

“ಇಲ್ಲ ಅನ್ಸುತ್ತೆ.”

“ಮಾಡಿಸ್ದೆ ಆಪರೇಷನ್ ಟೇಬಲ್ ಹತ್ತಿಸಬ್ಯಾಡ್ರಿ. ರಕ್ತ ನಿಲ್ಲದಿದ್ರೆ ಏನ್ ಮಾಡ್ತೀರಿ?”

ಸಂಜೆ ತಂಗಿಗೆ ಫೋನ್ ಮಾಡಿದರೆ ಅವಳು ಬಿದ್ದು ಬಿದ್ದು ನಕ್ಕಳು. “ಬೆಕ್ಕು ನೋಡಿ ನನ್ನ ಆಪರೇಷನ್ ನಿಲ್ಲಿಸ್ತೀಯಾ? ಅಡ್ಡ ಹೋದ್ರೆ ನಿಲ್ಲಿಸೋರನ್ನ ನೋಡೀನಿ, ಮಲಗಿದ್ರೆ ನಿಲ್ಲಿಸೋಳು ನೀನೇ ಮೊದಲು.” ಆಮೇಲೆ ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಬೆಳಗಾಗುತ್ತಲೇ ಅತ್ತೆಯನ್ನು ಓರಗಿತ್ತಿಗೆ ಒಪ್ಪಿಸಿ ದಾವಣಗೆರೆಯ ಬಸ್ಸು ಹತ್ತಿದೆ. ಅಲ್ಲಿಂದ ಜಗಳೂರು ಬಸ್ಸು. ಬಿಳಿಚೋಡು ದಾಟುವವರೆಗೂ ಕಿಟಕಿಯಾಚೆ ಮೆಕ್ಕೆಜೋಳ, ನಡುನಡುವೆ ಕುರಿ ಹಿಂಡು. ದಾರಿಯುದ್ದಕ್ಕೂ ಅವಳಿಗೆ ಹೇಗೆ ಹೇಳಲಿ ಎಂದೇ ಯೋಚನೆ. ಕ್ರೋಮೋಸೋಮು ಎಂದರೆ ಅವಳು ಎದ್ದು ಚಹಾ ಇಡಲು ಹೋಗುತ್ತಾಳೆ.

ಅವಳ ಮನೆ ಕುರಿ ಸಾಕುವವರ ಮನೆ. ಅಂಗಳದ ಗೋಡೆಯ ಮೇಲೆ ಎರಡು ಕರಿಕಂಬಳಿ ಬಿಸಿಲಿಗೆ ಬಿದ್ದಿದ್ದವು. ತಂಗಿ ಹೊಸಿಲಿನಲ್ಲಿಯೇ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಬಂದ್ಲು ಬೆಕ್ಕಿನ ಡಾಕ್ಟ್ರು.”

“ನೀರು ಕೊಡು ಮೊದಲು. ಆಮೇಲೆ ಬೈಯಿ.”

ನೀರು ಕುಡಿದು, ಗೋಡೆಯ ಕಂಬಳಿ ತೋರಿಸಿದೆ. “ಕುರಿ ತನ್ನ ಉಣ್ಣೇಲಿ ತಾನೇ ಕಂಬಳಿ ನೇಯ್ದು, ತಾನೇ ಹೊದ್ದು ಮಲಗಿಬಿಡ್ತು ಅಂತ ನೆನಸ್ಕೋ. ಹಂಗೆ ನಿನ್ನ ಮೈಯಾಗಿನ ಒಂದೊಂದು ಕೋಶದಾಗೂ ಎರಡು ಎಕ್ಸ್ ಅದಾವೆ, ಒಂದು ಕಂಬಳಿ ಹೊದ್ದು ಮಲಗೈತೆ, ಒಂದು ಎದ್ದು ದುಡೀತೈತೆ. ಅವ್ವಂದು ದುಡೀಲಾರದ್ದು, ಅಪ್ಪಂದು ದುಡಿಯೋದು. ಅಪ್ಪಂದೇ ಬಹಳಷ್ಟು ಕಡೆ ಮಲಗಿಬಿಟ್ರೆ ರಕ್ತ ಹೆಪ್ಪುಗಟ್ಸೋರು ಯಾರು?”

ಅವಳು ಕಂಬಳಿಯನ್ನೇ ನೋಡುತ್ತ ನಿಂತಳು. ಆಮೇಲೆ, “ಹಂಗಾದ್ರೆ ಎಬ್ಬಿಸಾಕೆ ಆಗಲ್ವಾ ಅದನ್ನ?” ಎಂದಳು.

ಫೋನಿನಲ್ಲಿ ಓರಗಿತ್ತಿಯನ್ನು ಕೇಳಿದರೆ, ಅದನ್ನು ಎಬ್ಬಿಸುವುದು ಹೇಗೆಂದು ಲ್ಯಾಬುಗಳಲ್ಲಿ ಹುಡುಕುತ್ತಿದ್ದಾರೆ, ನಮಗೆ ಸಿಗುವಂಥದ್ದು ಇನ್ನೂ ಇಲ್ಲ ಎಂದಳು.

“ಮತ್ತೆ ಪರೀಕ್ಷೆ ಯಾಕೆ?” ತಂಗಿ ಥಟ್ಟನೆ ಕೇಳಿದಳು. ಅವಳ ಸಿಟ್ಟು ಅಲ್ಲಿತ್ತು. “ನಿನಗೇನು ಅಕ್ಕ, ಮೂರು ದಿನಕ್ಕೆ ಮುಗೀತದೆ. ಇನ್ನೊಂದು ತಿಂಗಳು ಇದನ್ನ ಅನುಭವಿಸೋಳು ನಾನು. ಬಸ್‌ನಾಗೆ ಕೂತ್ರೆ ಏಳಾಕೆ ಹೆದರಿಕೆ. ನನಗೆ ತೆಗೆಸಿ ಬಿಡುಗಡೆ ಆದ್ರೆ ಸಾಕಾಗೈತೆ.”

ಅವಳ ಜೊತೆ ಕೂತು ಸೊಪ್ಪು ಸೋಸತೊಡಗಿದೆ. ಸೋಸುತ್ತಲೇ ಕೇಳಿದೆ, “ಮನೇಲಿ ಯಾರಿಗಾದ್ರೂ ರಕ್ತದ ಕಾಯಿಲೆ ಐತಾ ಅಂತ ಡಾಕ್ಟರಮ್ಮ ಕೇಳ್ಲಿಲ್ವಾ?”

“ಕೇಳಿದ್ರು. ಇಲ್ಲ ಅಂದೆ.”

“ಅಣ್ಣ ಇದಾನಲ್ಲೇ!”

“ಅದು ಗಂಡಸರದು. ನನ್ನ ಬಸಿರು ಬಾಣಂತನದ ಮಾತಿಗೆ ಅವನ್ಯಾಕೆ ಬರ್ತಾನೆ? ಹೆಣ್ಣುಮಕ್ಕಳದ್ದು ಕೇಳ್ತಿದಾರೆ ಅಂದ್ಕೊಂಡೆ.”

ಅವಳೇನು ಮುಚ್ಚಿಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಆ ಕಾಯಿಲೆಯನ್ನು ಹಾಗೆಯೇ ಭಾಗ ಮಾಡಿಟ್ಟಿದ್ದೆವು. ನನ್ನನ್ನು ಕೇಳಿದ್ದರೂ ನಾನು ಹಾಗೆಯೇ ಹೇಳುತ್ತಿದ್ದೆನೇನೋ.

ಕೊನೆಗೆ ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವನು ಎಲ್ಲ ಕೇಳಿಸಿಕೊಂಡ. ಅಂಗಡಿಯಲ್ಲಿ ಯಾರದೋ ಮೊಬೈಲು ಸದ್ದು ಮಾಡುತ್ತಿತ್ತು.

“ಲೇ, ಬಾಣಂತನದಾಗೆ ನಿನಗೆ ಬಾಟಲಿ ರಕ್ತ ಕೊಟ್ಟಿದ್ರಲ್ವಾ?”

“ಹೂಂ.”

“ಹಲ್ಲು ಕೀಳಿಸಿದಾಗ ಮೂರು ದಿನ ಹತ್ತಿ ಕಚ್ಕೊಂಡಿದ್ದೆ ಅಲ್ವಾ?”

“ಹೂಂ.”

“ಹಲ್ಲು ಕೀಳಿಸಿದ್ರೆ ನನಗೆ ಹಂಗೇ ಆಗೋದು ಕಣೇ.” ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ತೆಗೆಸ್ಕೋ, ಬ್ಯಾಡ ಅನ್ನಲ್ಲ. ಪರೀಕ್ಷೆ ಮಾಡ್ಸಿ ತೆಗೆಸ್ಕೋ. ನನಗೆ ರಕ್ತ ನಿಲ್ಲದಿದ್ರೆ ಹೆಂಗಿರ್ತದೆ ಅಂತ ಗೊತ್ತು, ನಿನಗೆ ಹೊಟ್ಟೆ ಕುಯ್ದಮೇಲೆ ಗೊತ್ತಾಗೋದು ಬ್ಯಾಡ.”

ತಂಗಿ ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿ ಮಡಿಲಿಂದ ಕೊಡವಿದಳು. “ನಾಳೆ ಹೋಗಾನ,” ಎಂದಳು.

ಡಾಕ್ಟರಮ್ಮ ಬೈಯಲಿಲ್ಲ. ತಮ್ಮನ ವಿಷಯ ಕೇಳಿದ ತಕ್ಷಣ ಕನ್ನಡಕ ತೆಗೆದಿಟ್ಟರು. ಆಪರೇಷನ್ ಮುಂದೂಡಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ತಂಗಿ ಪರೀಕ್ಷೆಗೆ ರಕ್ತ ಕೊಟ್ಟಳು. ಫಲಿತಾಂಶ ಬರುವ ದಿನ ತಮ್ಮನೂ ನ್ಯಾಮತಿಯಿಂದ ಬಂದು ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತಿದ್ದ. ಅವನು ಯಾವಾಗಲೂ ಕೂರುವ ಬೆಂಚು ಅದು, ಅಲ್ಲಿಯ ಸಿಸ್ಟರುಗಳಿಗೆಲ್ಲ ಅವನ ಪರಿಚಯ. ತಂಗಿಯನ್ನು ನೋಡಿ ಕುಂಟುಗಾಲು ಎಳೆದುಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ.

“ಬಾ, ಕೂತ್ಕೋ. ಇಷ್ಟು ವರ್ಷ ಒಬ್ನೇ ಕೂತು ಬೇಜಾರಾಗಿತ್ತು.”

“ನಿನ್ನ ಬಾಯಿಗೆ ಹುಳ ಬೀಳ,” ಎಂದು ಅವಳು ಅವನಿಗೊತ್ತಿಕೊಂಡೇ ಕೂತಳು.

ಅಲ್ಲಿನ ಡಾಕ್ಟರು ವರದಿ ನೋಡಿ ಹೇಳಿದರು. ಹೆಪ್ಪುಗಟ್ಟಿಸುವ ಪ್ರೋಟೀನು ಅಣ್ಣನಷ್ಟು ಕಡಿಮೆಯಿಲ್ಲ, ಆದರೆ ಇರಬೇಕಾದಷ್ಟೂ ಇಲ್ಲ. ಇವಳು ಬರೀ ಹೊತ್ತು ಸಾಗಿಸುವವಳಲ್ಲ, ಇವಳಿಗೂ ಸ್ವಲ್ಪ ಮಟ್ಟಿಗೆ ಅದೇ ಕಾಯಿಲೆ. ಗೊತ್ತಿಲ್ಲದೆ ಕುಯ್ದಿದ್ದರೆ ತೊಂದರೆಯಾಗುತ್ತಿತ್ತು. ನಾನು ತಡೆಯಲಾರದೆ ಎಕ್ಸಿಸ್ಟ್ ವಿಷಯ ಕೇಳಿಯೇ ಬಿಟ್ಟೆ. ಅವರು ಅಚ್ಚರಿಯಿಂದ ನೋಡಿ, “ಬಹುಶಃ ಹಾಗೆಯೇ ಆಗಿದೆ. ಬೇರೆ ಕಾರಣಗಳೂ ಇರಬಹುದು, ಖಚಿತ ಹೇಳಲು ಇನ್ನಷ್ಟು ಪರೀಕ್ಷೆ ಬೇಕು. ಆದರೆ ಚಿಕಿತ್ಸೆಗೆ ಅದಕ್ಕೆ ಕಾಯಬೇಕಿಲ್ಲ” ಎಂದರು. ಹೆಪ್ಪು ಬೇಗ ಕರಗದಂತೆ ತಡೆಯುವ ಗುಳಿಗೆ ಇದೆ, ಆ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳಲಿ, ಒಗ್ಗದಿದ್ದರೆ ಬೇರೆ ದಾರಿಗಳಿವೆ, ಗರ್ಭಕೋಶ ತೆಗೆಯುವುದು ಕಟ್ಟಕಡೆಯ ಮಾತು ಎಂದರು. ಅವಳ ಮಗಳನ್ನೂ ಒಮ್ಮೆ ಕರೆತರಲು ಹೇಳಿದರು. ತಂಗಿ ತಲೆಯಾಡಿಸಿದಳು.

ನನ್ನ ರಕ್ತವನ್ನೂ ಪರೀಕ್ಷೆ ಮಾಡಿದರು. ಸರಿಯಾಗಿಯೇ ಇತ್ತು. ಅಂದರೆ ಅವ್ವನ ಕೆಟ್ಟ ಎಕ್ಸ್ ನನಗೆ ಬಂದೇ ಇಲ್ಲವೋ, ಬಂದು ಬಹಳಷ್ಟು ಕಡೆ ಕಂಬಳಿ ಹೊದ್ದು ಮಲಗಿದೆಯೋ, ಆ ಪರೀಕ್ಷೆ ಹೇಳುವುದಿಲ್ಲವಂತೆ. ಅದಕ್ಕೆ ವಂಶವಾಹಿಯನ್ನೇ ನೋಡಬೇಕು. ನನಗೂ ಮಗಳಿದ್ದಾಳೆ, ನೋಡಿಸಬೇಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಮೆಟ್ಟುಗತ್ತಿಗೆ ಬೆರಳು ಕೊಟ್ಟವರು ನಾವು. ನನ್ನ ರಕ್ತ ಚೀಪಿದರೆ ನಿಂತಿತು, ಅವಳದು ನಿಲ್ಲಲಿಲ್ಲ. ಅದನ್ನು ನಿರ್ಧರಿಸಿದ್ದು, ನಾವು ಸಾಸಿವೆಗಿಂತ ಸಣ್ಣವರಾಗಿದ್ದಾಗ ಏನನ್ನೂ ಬೇಯಿಸದ ಒಂದು ಚೀಟಿ ಇರಬಹುದು ಎನ್ನುವುದು ಪಾತ್ರೆ ತಿಕ್ಕುವಾಗಲೂ ತಲೆಯಲ್ಲಿ ಓಡುತ್ತಿರುತ್ತದೆ.

ಗುಳಿಗೆ ಶುರುವಾಗಿ ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ತಂಗಿಯ ಫೋನ್ ಬಂತು. ಬಿಳಿಚೋಡಿನಲ್ಲಿ ನೆಂಟರ ಆರತಕ್ಷತೆ ಊಟಕ್ಕೆ ಹೋಗಿದ್ದಳಂತೆ, ತಿಂಗಳ ಎರಡನೇ ದಿನ.

“ಪಂಕ್ತೀಲಿ ಕೂತು ಪೂರ್ತಿ ಊಟ ಮಾಡಿ ಎದ್ದೆ ಅಕ್ಕ.”

“ಅಯ್ಯೋ, ಅದಕ್ಕೇನೀಗ?”

“ಎದ್ದು ಕೈ ತೊಳೆದು ಆಚೆ ಬಂದ್ಮೇಲೆ ನೆನಪಾತು, ತಿರುಗಿ ಕುರ್ಚಿ ನೋಡೇ ಇರ್ಲಿಲ್ಲ.”

ಎಷ್ಟೋ ವರ್ಷಗಳಿಂದ ಅವಳು ಎಲ್ಲಿಂದ ಎದ್ದರೂ ಮೊದಲು ತಿರುಗಿ, ಕಲೆಯಾಗಿದೆಯೇನೋ ಎಂದು ಕೂತ ಜಾಗ ನೋಡುತ್ತಿದ್ದಳು. ಬಸ್ಸಿನಲ್ಲಿ, ನೆಂಟರ ಮಂಚದಲ್ಲಿ, ನನ್ನ ಮನೆಯ ಚಾಪೆಯಲ್ಲಿ. ನಾನದನ್ನು ನೋಡಿದ್ದೆ.

“ಊಟಕ್ಕೆ ಏನ್ ಮಾಡಿದ್ರು?” ಎಂದೆ.

“ಹೆಸರುಬೇಳೆ ಪಾಯಸ ನೀರಾಗಿತ್ತು ಬಿಡು,” ಎಂದು ಶುರುಮಾಡಿದವಳು, ಕೋಸಂಬರಿಯಿಂದ ಹಪ್ಪಳದವರೆಗೆ ಒಂದನ್ನೂ ಬಿಡದೆ ಹೇಳತೊಡಗಿದಳು.